ಕಡಲಾಳದ ತೊಟ್ಟಿಲುಗಳು: ಸ್ಕೇಟ್ ಮೀನಿನ ಮೊಟ್ಟೆಚೀಲಗಳನ್ನು ಗುರುತಿಸುವ ವಿದ್ಯೆ

(ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರಿಗಾಗಿ ನಡೆದ ಪರಿಸರ ಅಧ್ಯಯನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಘಟ್ಟದ ಮೇಲೆ ವಾಸಿಸುವ ನಮಗೆ ಕಡಲಾಳದ ಮೀನಿನ ಮೊಟ್ಟೆಯ ವಿಷಯವೇಕೆ ಎಂಬ ಪ್ರಶ್ನೆ ನಿಮ್ಮಲ್ಲಿ ಮೂಡುವುದು ಸಹಜ. ಕೃಷಿ ವಿಜ್ಞಾನದವನು ತನ್ನ ಹೊಲದ ಬೇಲಿ ದಾಟಿ ಸಮುದ್ರಕ್ಕೆ ಇಳಿದನೆಂದೂ ಕೆಲವರಿಗೆ ಅನ್ನಿಸಬಹುದು. ಆದರೆ ಮೊಟ್ಟೆಯನ್ನು ಗುರುತಿಸುವ ವಿದ್ಯೆ ನಮ್ಮ ರೈತರಿಗೆ ಹೊಸದಲ್ಲ. ಭತ್ತದ ಸಸಿಮಡಿಯಲ್ಲಿ ಎಲೆಯ ತುದಿಗೆ ಕಂದು ರೋಮ ಹೊದ್ದ ಸಣ್ಣ ಗುಪ್ಪೆ ಕಂಡರೆ ಅದು ಕಾಂಡಕೊರಕದ ಮೊಟ್ಟೆ. ಆದುದರಿಂದಲೇ ನಾಟಿಗೆ ಮೊದಲು ಸಸಿಯ ತುದಿ ಚಿವುಟುವ ಪದ್ಧತಿ ಇದೆ. ಬೇಲಿಯ ಕಡ್ಡಿಗೆ ಒಣಗಿದ ನೊರೆಯಂತೆ ಅಂಟಿಕೊಂಡಿರುವುದು ಸೂರ್ಯನ ಕುದುರೆಯ ಮೊಟ್ಟೆಗೂಡು. ಅದು ಕೀಟಗಳನ್ನು ತಿನ್ನುವ ಮಿತ್ರಜೀವಿ; ಅದನ್ನು ಕಿತ್ತೆಸೆಯಬಾರದು. ಎರಡರ ಭೇದ ತಿಳಿದವನು ಬೆಳೆಯನ್ನೂ ಉಳಿಸಿಕೊಳ್ಳುತ್ತಾನೆ, ಮಿತ್ರಜೀವಿಯನ್ನೂ ಉಳಿಸುತ್ತಾನೆ. ಇದೇ ವಿದ್ಯೆ ಕಡಲಾಳದಲ್ಲಿ ಹೇಗೆ ಕೆಲಸ ಮಾಡುತ್ತಿದೆ, ಅದು ತಿಳಿಯದಿದ್ದಾಗ ಏನಾಯಿತು ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಸ್ಕೇಟ್ ಎಂದರೆ ಯಾವ ಮೀನು?

ನಮ್ಮ ಕರಾವಳಿಯವರು ತೊರಕೆ ಎಂದು ಕರೆಯುವ ಚಪ್ಪಟೆ ಮೀನನ್ನು ನೀವು ಸಂತೆಯಲ್ಲಿ ನೋಡಿರಬಹುದು. ಸ್ಕೇಟ್ ಅದರ ದಾಯಾದಿ. ತೊರಕೆ, ಸ್ಕೇಟ್, ಶಾರ್ಕ್ ಇವೆಲ್ಲವೂ ಗಟ್ಟಿ ಮೂಳೆಯ ಬದಲು ಮೃದ್ವಸ್ಥಿಯ ಅಸ್ಥಿಪಂಜರವುಳ್ಳ ಒಂದೇ ದೊಡ್ಡ ಗುಂಪಿಗೆ ಸೇರಿದವು. ಹೊರನೋಟಕ್ಕೆ ಸ್ಕೇಟ್ ಮತ್ತು ತೊರಕೆ ಒಂದೇ ರೀತಿ ಕಂಡರೂ ಮುಖ್ಯವಾದ ವ್ಯತ್ಯಾಸವೊಂದಿದೆ. ಬಾಲದಲ್ಲಿ ವಿಷಮುಳ್ಳುಳ್ಳ ತೊರಕೆಗಳು ಮರಿ ಹಾಕುತ್ತವೆ, ಸ್ಕೇಟ್‌ಗಳು ಮೊಟ್ಟೆಯಿಡುತ್ತವೆ. ಸ್ಕೇಟ್‌ಗಳ ಅನೇಕ ಜಾತಿಗಳು ತಣ್ಣೀರಿನಲ್ಲಿ, ಬೆಳಕು ತಲುಪದ ಆಳದಲ್ಲಿ ಬದುಕುತ್ತವೆ. ಶಾಂತಸಾಗರದ ಬಿಳಿ ಸ್ಕೇಟ್ ಸುಮಾರು 3,000 ಮೀಟರ್ ಆಳದವರೆಗೂ ಕಂಡುಬಂದಿದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಆ ಬೆಟ್ಟವನ್ನು ಬುಡಸಮೇತ ಅಲ್ಲಿಟ್ಟರೂ ತುದಿಯ ಮೇಲೆ ಇನ್ನೂ ಒಂದು ಕಿಲೋಮೀಟರಿನಷ್ಟು ನೀರು ಉಳಿಯುತ್ತದೆ.

ಸಾಮಾನ್ಯ ಮೀನುಗಳು ಸಾವಿರ, ಲಕ್ಷಗಳ ಲೆಕ್ಕದಲ್ಲಿ ಮೊಟ್ಟೆಗಳನ್ನು ನೀರಿಗೆ ಚೆಲ್ಲುತ್ತವೆ. ಸ್ಕೇಟ್ ಹಾಗಲ್ಲ. ಅದು ಕೆಲವೇ ಮೊಟ್ಟೆಗಳನ್ನಿಟ್ಟು ಪ್ರತಿಯೊಂದನ್ನೂ ಗಟ್ಟಿಯಾದ ಚರ್ಮದಂಥ ಚೀಲದಲ್ಲಿ ಭದ್ರಪಡಿಸುತ್ತದೆ. ತಾಯಿಯ ಅಂಡನಾಳದಲ್ಲಿರುವ ವಿಶೇಷ ಗ್ರಂಥಿಯೊಂದು ಕೊಲಾಜೆನ್ ಎಂಬ ಪ್ರೋಟೀನನ್ನು ಪದರಪದರವಾಗಿ ನೇಯ್ದು ಈ ಚೀಲವನ್ನು ಸಿದ್ಧಪಡಿಸುತ್ತದೆ. ಅಂಡನಾಳಗಳು ಎರಡಿರುವುದರಿಂದ ಚೀಲಗಳು ಸಾಮಾನ್ಯವಾಗಿ ಜೋಡಿಯಾಗಿ ಹೊರಬರುತ್ತವೆ. ಮರಿ ಹೊರಟುಹೋದ ಮೇಲೆ ಖಾಲಿ ಚೀಲಗಳು ಅಲೆಯೊಡನೆ ದಡ ಸೇರುವುದುಂಟು. ಇಂಗ್ಲೆಂಡಿನ ಕಡಲತೀರದವರು ಅವನ್ನು ಹಿಂದಿನಿಂದಲೂ ಮತ್ಸ್ಯಕನ್ಯೆಯ ಹಣದ ಚೀಲ ಎಂದು ಕರೆಯುತ್ತಾರೆ.

ಚೀಲವನ್ನು ಓದುವ ಕ್ರಮ

ಮೊಟ್ಟೆಚೀಲವನ್ನು ಕೈಯಲ್ಲಿ ಹಿಡಿದಾಗ ಮೊದಲು ಕೇಳಬೇಕಾದ ಪ್ರಶ್ನೆ, ಇದು ಸ್ಕೇಟಿನದೋ ಶಾರ್ಕಿನದೋ ಎಂಬುದು. ಸ್ಕೇಟಿನ ಚೀಲ ಚೌಕಾಕಾರ ಅಥವಾ ಆಯತಾಕಾರವಾಗಿದ್ದು, ನಾಲ್ಕು ಮೂಲೆಗಳಿಂದ ನಾಲ್ಕು ಗಟ್ಟಿ ಕೊಂಬುಗಳು ಚಾಚಿರುತ್ತವೆ. ಮೊಟ್ಟೆಯಿಡುವ ಅನೇಕ ಸಣ್ಣ ಶಾರ್ಕ್‌ಗಳ ಚೀಲ ನೀಳವಾಗಿದ್ದು, ಅದರ ಮೂಲೆಗಳಲ್ಲಿ ಕುಂಬಳದ ಬಳ್ಳಿಯ ಕುಡಿಯಂತೆ ಸುರುಳಿ ಸುತ್ತಿದ ಎಳೆಗಳಿರುತ್ತವೆ. ಆ ಎಳೆಗಳು ಹವಳಕ್ಕೋ ಪಾಚಿಗೋ ಸುತ್ತಿಕೊಂಡು ಚೀಲವನ್ನು ಹಿಡಿದಿಡುತ್ತವೆ.

ಸ್ಕೇಟಿನದೆಂದು ಖಚಿತವಾದ ಮೇಲೆ ಯಾವ ಜಾತಿ ಎಂಬುದನ್ನು ಈ ಲಕ್ಷಣಗಳಿಂದ ಶೋಧಿಸುತ್ತಾರೆ.

ಒಂದು, ಅಳತೆ. ಕೊಂಬುಗಳನ್ನು ಬಿಟ್ಟು ಚೀಲದ ಮೈಯ ಉದ್ದ ಮತ್ತು ಅಗಲವನ್ನು ಅಳೆಯಬೇಕು. ಕೊಂಬಿನ ತುದಿಗಳು ಮುರಿದಿರುವ ಸಂಭವ ಹೆಚ್ಚಾದುದರಿಂದ ಅವನ್ನು ಸೇರಿಸಿ ಅಳೆದರೆ ಲೆಕ್ಕ ತಪ್ಪುತ್ತದೆ. ಕೆಲವು ಜಾತಿಗಳ ಚೀಲ ನಾಲ್ಕೈದು ಸೆಂಟಿಮೀಟರ್ ಮಾತ್ರ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ದೊಡ್ಡ ಸ್ಕೇಟಿನ ಚೀಲ 30 ಸೆಂಟಿಮೀಟರಿನವರೆಗೂ ಬೆಳೆಯುತ್ತದೆ. ಸಾಮಾನ್ಯವಾಗಿ ಒಂದು ಚೀಲದಲ್ಲಿ ಒಂದೇ ಮರಿ. ಈ ದೊಡ್ಡ ಸ್ಕೇಟಿನ ಚೀಲದಲ್ಲಿ ಮಾತ್ರ ಏಳರವರೆಗೂ ಮರಿಗಳಿರಬಹುದು.

ಎರಡು, ಕೊಂಬುಗಳು. ಮುಂದಿನ ಜೋಡಿ ಉದ್ದವೋ, ಹಿಂದಿನ ಜೋಡಿ ಉದ್ದವೋ? ನೇರವಾಗಿವೆಯೋ, ಒಳಕ್ಕೆ ಬಾಗಿವೆಯೋ? ತುದಿ ದಾರದಂತೆ ಸಪೂರವಾಗಿದೆಯೋ, ಕೊಕ್ಕೆಯಂತಿದೆಯೋ? ಆಳಸಮುದ್ರದ ಜಾತಿಗಳನ್ನು ಬೇರ್ಪಡಿಸುವಲ್ಲಿ ಈ ಪ್ರಶ್ನೆಗಳು ಬಹಳ ಉಪಯುಕ್ತ.

ಮೂರು, ಅಂಚುಪಟ್ಟಿ. ಚೀಲದ ಎರಡು ಪಾರ್ಶ್ವಗಳಲ್ಲಿ ಉದ್ದಕ್ಕೂ ಒಂದು ಚಪ್ಪಟೆ ಪಟ್ಟಿ ಇರುತ್ತದೆ. ಅದು ಅಗಲವೋ ಕಿರಿದೋ, ಕೊಂಬಿನವರೆಗೂ ಮುಂದುವರಿಯುತ್ತದೆಯೋ ನಡುವೆಯೇ ನಿಲ್ಲುತ್ತದೆಯೋ ಎಂದು ನೋಡಬೇಕು.

ನಾಲ್ಕು, ಮೈ. ನುಣುಪಾದ ಮೈ, ಉದ್ದಗೆರೆಗಳ ಮೈ, ಮಖಮಲ್ಲಿನಂಥ ಮೈ, ಹಲಸಿನ ಕಾಯಿಯಂತೆ ತರಿತರಿಯಾದ ಮೈ ಹೀಗೆ ಬಗೆಗಳಿವೆ. ಇಲ್ಲಿ ಕಣ್ಣಿಗಿಂತ ಬೆರಳೇ ಉತ್ತಮ ಸಾಕ್ಷಿ.

ಐದು, ನಾರು. ಚೀಲದ ಪಾರ್ಶ್ವದಲ್ಲಿ ಅಥವಾ ಮೈಮೇಲೆ ರೇಷ್ಮೆಯಂಥ ಅಂಟುನಾರುಗಳಿರಬಹುದು. ಕಲ್ಲು, ಮರಳು, ಚಿಪ್ಪಿನ ಚೂರುಗಳನ್ನು ಇವು ಹಿಡಿದುಕೊಳ್ಳುವುದರಿಂದ ಪ್ರವಾಹಕ್ಕೆ ಚೀಲ ಉರುಳಿ ಹೋಗುವುದಿಲ್ಲ.

ಆರು, ಕೊಂಬುಗಳ ನಡುವಿನ ಅಂಚು. ಮುಂದಿನ ಎರಡು ಕೊಂಬುಗಳ ನಡುವಣ ಅಂಚು ನೇರವೋ, ಚಂದ್ರಾಕಾರವಾಗಿ ಒಳಸರಿದಿದೆಯೋ ಎಂಬುದೂ ಗುರುತೇ.

ಬಣ್ಣವನ್ನು ಮಾತ್ರ ನೆಚ್ಚಬಾರದು. ಹೊಸದಾಗಿ ಇಟ್ಟ ಚೀಲ ತಿಳಿಬಣ್ಣದ್ದಾಗಿದ್ದು, ಕಾಲ ಕಳೆದಂತೆ ಕಪ್ಪಾಗುತ್ತದೆ. ಒಂದೇ ಜಾತಿಯ ಎರಡು ಚೀಲಗಳು ಎರಡು ಬಣ್ಣದಲ್ಲಿರಬಹುದು. ಒಣಗಿದ ಚೀಲವನ್ನು ಹಾಗೆಯೇ ಅಳೆಯುವುದೂ ಸಲ್ಲದು. ಒಣಗಿದಾಗ ಅದು ಮುರುಟಿ ಕಿರಿದಾಗುತ್ತದೆ. ನೀರಿನಲ್ಲಿ ನೆನೆಸಿಟ್ಟು ಮೂಲ ಆಕಾರಕ್ಕೆ ಮರಳಿದ ಮೇಲೆಯೇ ಅಳೆಯಬೇಕು.

ಇಷ್ಟೆಲ್ಲ ಲಕ್ಷಣಗಳು ಇಂಥ ಜಾತಿಯವೇ ಎಂದು ಮೊದಲಿಗೆ ಹೇಳುವುದಾದರೂ ಹೇಗೆ? ಅದಕ್ಕೆ ಮೂರು ದಾರಿಗಳಿವೆ. ಮೊಟ್ಟೆಯಿಡುವ ಹಂತದಲ್ಲಿ ಸಿಕ್ಕ ತಾಯಿಯ ಒಡಲಿನಲ್ಲೇ ಚೀಲವಿದ್ದರೆ ಸಂಶಯವಿಲ್ಲ. ಚೀಲದೊಳಗೆ ಪೂರ್ಣ ಬೆಳೆದ ಮರಿಯಿದ್ದರೆ ಅದರ ಲಕ್ಷಣಗಳಿಂದ ಜಾತಿಯನ್ನು ನಿರ್ಧರಿಸಬಹುದು. ಎರಡೂ ಇಲ್ಲದಾಗ ಡಿಎನ್‌ಎ ಪರೀಕ್ಷೆ. ಹೀಗೆ ಒಮ್ಮೆ ಹೆಸರು ಖಚಿತವಾದ ಚೀಲದ ವಿವರ ದಾಖಲಾದರೆ, ಮುಂದೆ ಖಾಲಿ ಚೀಲ ಸಿಕ್ಕವರಿಗೂ ಅದು ಕೈಪಿಡಿಯಾಗುತ್ತದೆ. ಡೇವಿಡ್ ಎಬರ್ಟ್ ಮೊದಲಾದ ವಿಜ್ಞಾನಿಗಳು ಶಾಂತಸಾಗರದ ಈಶಾನ್ಯ ಭಾಗದ ಸ್ಕೇಟ್‌ಗಳಿಗೆ ಇಂಥ ವಿವರಣೆಗಳನ್ನು ಸಿದ್ಧಪಡಿಸಿದ್ದಾರೆ.

ಕೊಂಬಿನ ಸೀಳು, ಶಂಬುಕದ ತೂತು

ಚೀಲವು ಜಾತಿಯನ್ನು ಮಾತ್ರವಲ್ಲ, ಒಳಗಿದ್ದ ಜೀವಕ್ಕೆ ಏನಾಯಿತೆಂಬುದನ್ನೂ ಹೇಳುತ್ತದೆ. ಆರಂಭದಲ್ಲಿ ಚೀಲ ಪೂರ್ತಿ ಮುಚ್ಚಿರುತ್ತದೆ. ಭ್ರೂಣ ಸ್ವಲ್ಪ ಬೆಳೆದ ಬಳಿಕ ಕೊಂಬುಗಳಲ್ಲಿರುವ ಸಣ್ಣ ಸೀಳುಗಳ ಒಳಗಿನ ಲೋಳೆ ಕರಗಿ ಅವು ತೆರೆದುಕೊಳ್ಳುತ್ತವೆ. ಆಗ ಭ್ರೂಣ ತನ್ನ ಬಾಲವನ್ನು ಬಡಿಯುತ್ತ ಹೊರಗಿನ ನೀರನ್ನು ಒಳಕ್ಕೆಳೆದು ಹೊರದೂಡುತ್ತದೆ. ಅದರ ಉಸಿರಾಟ ನಡೆಯುವುದು ಹೀಗೆ. ಈ ಸೀಳುಗಳನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಮತ್ತೆ ಅವುಗಳ ಮಾತು ಬರುತ್ತದೆ.

ಕಾಲ ಕೂಡಿದಾಗ ಚೀಲದ ಒಂದು ತುದಿಯ ಅಂಚು ನೀಟಾಗಿ ಬಿಚ್ಚಿಕೊಂಡು ಮರಿ ಹೊರಬರುತ್ತದೆ. ಅಂಥ ಬಾಯಿ ತೆರೆದ ಚೀಲ ಕಂಡರೆ ಅದು ಒಂದು ಯಶಸ್ವಿ ಜನನದ ದಾಖಲೆ. ಮೈಮೇಲೆ ಕೊರೆದಂಥ ದುಂಡು ತೂತಿದ್ದರೆ, ಕಡಲ ಶಂಬುಕವೊಂದು ಕೊರೆದು ಒಳಗಿನದನ್ನು ಹೀರಿದೆ ಎಂದರ್ಥ. ನಮ್ಮ ಕಾಫಿ ಬೀಜದಲ್ಲಿ ಕಾಯಿಕೊರಕ ಮಾಡುವ ತೂತನ್ನು ನೀವು ಬಲ್ಲಿರಿ. ಇದೂ ಅಂಥದೇ ಗುರುತು. ಚೀಲ ಅಡ್ಡಾದಿಡ್ಡಿ ಹರಿದು ಜಜ್ಜಿಹೋಗಿದ್ದರೆ ಬಲೆಯನ್ನು ಶಂಕಿಸಬೇಕು.

ತಣ್ಣೀರಿನ ಕಾಲಗಣನೆ

ಕೋಳಿಮೊಟ್ಟೆಗೆ ಕಾವು 21 ದಿನ. ಕಡಲಾಳದ ಸ್ಕೇಟ್ ಮೊಟ್ಟೆಗೆ ಎಷ್ಟು ಕಾಲ ಬೇಕು? ಅಲಾಸ್ಕಾದ ಬಳಿಯ ಬೇರಿಂಗ್ ಸಮುದ್ರದಲ್ಲಿ ಅಲಾಸ್ಕಾ ಸ್ಕೇಟ್ ಎಂಬ ಜಾತಿಯ ಮೊಟ್ಟೆತಾಣವೊಂದನ್ನು ಅಧ್ಯಯನ ಮಾಡಿದ ಜೆರಾಲ್ಡ್ ಹಾಫ್ ಎಂಬ ವಿಜ್ಞಾನಿ 2008ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಸುಮಾರು 4.4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಆ ನೀರಿನಲ್ಲಿ ಮೊಟ್ಟೆ ಮರಿಯಾಗಲು ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಇದರ ಅರ್ಥವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹಿಂದಿನ ವರ್ಷಗಳಲ್ಲಿಟ್ಟ ಮೊಟ್ಟೆಗಳೂ ಈ ವರ್ಷ ಇಟ್ಟವೂ ಒಂದೇ ತಾಣದಲ್ಲಿ ಒಟ್ಟಿಗೇ ಇರುತ್ತವೆ. ಹಾಗಾಗಿ ತಳವನ್ನು ಗೋರುವ ಟ್ರಾಲ್ ಬಲೆ ಒಂದು ಸಲ ಆ ತಾಣದ ಮೇಲೆ ಹಾದುಹೋದರೆ ಒಂದು ವರ್ಷದ ಬೆಳೆಯಲ್ಲ, ಹಲವು ವರ್ಷಗಳ ಸಂತಾನ ಒಟ್ಟಿಗೇ ಹೋಗುತ್ತದೆ.

ಇನ್ನೂ ಸೋಜಿಗದ ಸಂಗತಿ ಗಲಾಪಗೋಸ್ ದ್ವೀಪಗಳದು. ಡಾರ್ವಿನ್ ದ್ವೀಪದ ಈಶಾನ್ಯಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ, 1,600 ಮೀಟರಿಗೂ ಹೆಚ್ಚು ಆಳದಲ್ಲಿ, ಭೂಗರ್ಭದ ಬಿಸಿನೀರು ಖನಿಜಗಳೊಡನೆ ಕಪ್ಪು ಹೊಗೆಯಂತೆ ಚಿಮ್ಮುವ ಚಿಮಣಿಗಳಿವೆ. 2015ರಲ್ಲಿ ನಾಟಿಲಸ್ ಎಂಬ ಸಂಶೋಧನಾ ಹಡಗಿನಿಂದ ಇಳಿಸಿದ ಯಂತ್ರನೌಕೆಯ ಕ್ಯಾಮೆರಾದಲ್ಲಿ ಈ ಚಿಮಣಿಗಳ ಸುತ್ತ 157 ಮೊಟ್ಟೆಚೀಲಗಳು ಕಂಡವು. ನಾಲ್ಕನ್ನು ಮೇಲೆ ತಂದು ಡಿಎನ್‌ಎ ಪರೀಕ್ಷಿಸಿದಾಗ ಅವು ಬ್ಯಾಥಿರಾಜಾ ಸ್ಪೈನೊಸಿಸಿಮಾ, ಅಂದರೆ ಶಾಂತಸಾಗರದ ಬಿಳಿ ಸ್ಕೇಟಿನವೆಂದು ತಿಳಿಯಿತು. ಅರ್ಧಕ್ಕಿಂತ ಹೆಚ್ಚು ಚೀಲಗಳು ಚಿಮಣಿಗಳಿಂದ 20 ಮೀಟರ್ ಒಳಗೇ ಇದ್ದವು. ನೂರಕ್ಕೆ 89ರಷ್ಟು ಚೀಲಗಳು ಸುತ್ತಲಿನ ನೀರಿಗಿಂತ ಸ್ವಲ್ಪ ಬೆಚ್ಚಗಿರುವ ಜಾಗದಲ್ಲಿದ್ದವು. ಸುತ್ತಲಿನ ಉಷ್ಣತೆ 2.76 ಡಿಗ್ರಿ ಮಾತ್ರವಾದುದರಿಂದ ಅಲ್ಲಿ ಒಂದು ಡಿಗ್ರಿಯ ಸಣ್ಣ ಪಾಲು ಕೂಡ ಅಮೂಲ್ಯ. ವರ್ಷಗಟ್ಟಲೆ ನಡೆಯುವ ಬೆಳವಣಿಗೆಯನ್ನು ಚುರುಕುಗೊಳಿಸಲು ತಾಯಿ ಸ್ಕೇಟ್‌ಗಳು ಭೂಮಿಯ ಕಾವನ್ನೇ ಬಳಸುತ್ತಿವೆ ಎಂದು ಪೆಲಾಯೊ ಸಲಿನಾಸ್ ದೆ ಲಿಯೋನ್ ಮತ್ತು ಸಂಗಡಿಗರು 2018ರಲ್ಲಿ ಪ್ರತಿಪಾದಿಸಿದರು.

ಹೆಸರು ತಪ್ಪಿದರೆ ಏನಾಗುತ್ತದೆ?

ಜಾತಿಯ ಹೆಸರು ವಿದ್ವಾಂಸರ ವಿಲಾಸವೆಂದು ಭಾವಿಸುವವರಿಗೆ ಯೂರೋಪಿನ ಒಂದು ಉದಾಹರಣೆ ಕೊಡುತ್ತೇನೆ. ಅಲ್ಲಿ 'ಸಾಮಾನ್ಯ ಸ್ಕೇಟ್' ಎಂಬ ದೊಡ್ಡ ಮೀನಿತ್ತು. 1926ರಿಂದ ಅದನ್ನು ಒಂದೇ ಜಾತಿಯೆಂದು ಪುಸ್ತಕಗಳಲ್ಲಿ ಬರೆಯಲಾಯಿತು. ಹಿಡಿದ ಮೀನಿನ ಲೆಕ್ಕವೂ ಒಂದೇ ಹೆಸರಿನಲ್ಲಿ ನಡೆಯಿತು. 2010ರ ಹೊತ್ತಿಗೆ ಫ್ರಾನ್ಸಿನ ಸಮುವೆಲ್ ಇಗ್ಲೇಸಿಯಾಸ್ ಮೊದಲಾದವರು ಅದು ಒಂದಲ್ಲ, ಎರಡು ಜಾತಿ ಎಂದು ತೋರಿಸಿದರು. ಗಾತ್ರದಲ್ಲಿ, ಪ್ರೌಢಾವಸ್ಥೆಗೆ ಬರುವ ವಯಸ್ಸಿನಲ್ಲಿ, ಮೊಟ್ಟೆಚೀಲದಲ್ಲಿ ಎರಡೂ ಬೇರೆ. ದೊಡ್ಡದಾದ ಫ್ಲಾಪರ್ ಸ್ಕೇಟ್ ತಡವಾಗಿ ಪ್ರೌಢವಾಗುವುದರಿಂದ ಬಹುಬೇಗ ಕ್ಷೀಣಿಸಿತ್ತು. ಆದರೆ ಒಂದೇ ಹೆಸರಿನ ಮರೆಯಲ್ಲಿ ಅದರ ಅವನತಿ ಕಾಣದೇ ಹೋಗಿತ್ತು. ಸುಮಾರು ಎಂಟು ದಶಕಗಳ ಕಾಲ ಒಂದು ಜೀವಿಯ ನಷ್ಟವು ಇನ್ನೊಂದರ ಲೆಕ್ಕದೊಳಗೆ ಅಡಗಿತ್ತು.

ಈ ಕತೆಯ ಮುಂದಿನ ಭಾಗ ಆಶಾದಾಯಕವಾಗಿದೆ. ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಬಳಿ, ಹೆಚ್ಚು ಆಳವಿಲ್ಲದ ಒಂದು ಕಡಲಸಂದಿಯಲ್ಲಿ, ಫ್ಲಾಪರ್ ಸ್ಕೇಟಿನ ನೂರಕ್ಕೂ ಹೆಚ್ಚು ಮೊಟ್ಟೆಗಳು ಬಂಡೆಗಳ ನಡುವೆ ಇರುವುದನ್ನು ಮುಳುಗುಗಾರರು ಪತ್ತೆಹಚ್ಚಿದರು. ಚೀಲದ ಗುರುತು ಸ್ಪಷ್ಟವಾಗಿದ್ದುದರಿಂದ ವಾದವಿವಾದಕ್ಕೆ ಎಡೆಯಿರಲಿಲ್ಲ. ಅಲ್ಲಿನ ಸರ್ಕಾರ 2021ರ ಮಾರ್ಚ್‌ನಲ್ಲಿ ಆ ತಾಣವನ್ನು ತುರ್ತಾಗಿ ರಕ್ಷಿತ ಪ್ರದೇಶವೆಂದು ಘೋಷಿಸಿ, 2023ರಲ್ಲಿ ಶಾಶ್ವತಗೊಳಿಸಿತು. ಈ ಜಾತಿಯ ಮೊಟ್ಟೆಯೊಂದನ್ನು ತೊಟ್ಟಿಯಲ್ಲಿ ಪಾಲಿಸಿದಾಗ ಮರಿ ಹೊರಬರಲು 534 ದಿನಗಳು ಬೇಕಾದವು.

ಬೇರಿಂಗ್ ಸಮುದ್ರದ ಅನುಭವ ಇಷ್ಟು ಪೂರ್ಣವಲ್ಲ. ಅಲ್ಲಿಯ ಆರು ಮೊಟ್ಟೆತಾಣಗಳನ್ನು ಅಮೆರಿಕ 2015ರಲ್ಲಿ ವಿಶೇಷ ಗಮನಕ್ಕೆ ಅರ್ಹವಾದ ನೆಲೆಗಳೆಂದು ಗುರುತಿಸಿತು. ಆದರೆ ಆ ಆದೇಶದಲ್ಲಿ ಮೀನುಗಾರಿಕೆಗೆ ನಿಷೇಧವಿರಲಿಲ್ಲ. ನಕ್ಷೆಯಲ್ಲಿ ಗೆರೆ ಎಳೆಯುವುದಕ್ಕೂ ನೆಲದಲ್ಲಿ ರಕ್ಷಣೆ ದೊರೆಯುವುದಕ್ಕೂ ಇರುವ ಅಂತರವನ್ನು ಮಲೆನಾಡಿನವರಿಗೆ ವಿವರಿಸಬೇಕಿಲ್ಲ.

ನಮ್ಮ ಕಡಲು, ನಮ್ಮ ಹೊಣೆ

ನಮ್ಮ ದೇಶದ ಕಡಲಾಳದಲ್ಲಿಯೂ ಸ್ಕೇಟ್‌ಗಳಿವೆ. 'ಇನ್ವೆಸ್ಟಿಗೇಟರ್' ಎಂಬ ಸಮೀಕ್ಷಾ ಹಡಗಿನಲ್ಲಿ ವೈದ್ಯನೂ ಪ್ರಕೃತಿ ವಿಜ್ಞಾನಿಯೂ ಆಗಿದ್ದ ಆಲ್ಫ್ರೆಡ್ ಆಲ್ಕಾಕ್, ತಿರುವಾಂಕೂರಿನ ಕಡಲಿನಿಂದ ದೊರೆತ ಒಂದು ಸ್ಕೇಟನ್ನು 1899ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದನು. ಇಂದಿಗೂ ಅದನ್ನು ತಿರುವಾಂಕೂರು ಸ್ಕೇಟ್ ಎನ್ನುತ್ತಾರೆ. ಕಳೆದ ಶತಮಾನದ ಕೊನೆಯಿಂದ ಕೇರಳದ ಟ್ರಾಲರ್‌ಗಳು ಆಳಸಮುದ್ರದ ಸಿಗಡಿಗಾಗಿ ಬಲೆ ಬಿಡುತ್ತಿವೆ. ಆ ಬಲೆಗಳಲ್ಲಿ ಸಿಗಡಿಯೊಡನೆ ಆಳದ ಶಾರ್ಕ್, ಸ್ಕೇಟ್‌ಗಳೂ ಬರುತ್ತವೆ. ಬಲೆಯ ಕಸದಲ್ಲಿ ಬಂದ ಮೊಟ್ಟೆಚೀಲವನ್ನು ಗುರುತಿಸಿ, ಎಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತೆಂದು ಬರೆದಿಡುವ ಅಭ್ಯಾಸ ಬೆಳೆದರೆ ಮೀನುಗಾರರೇ ಆ ತಾಣಗಳ ನಕ್ಷೆಯನ್ನು ಸಿದ್ಧಪಡಿಸಿದಂತಾಗುತ್ತದೆ.

ಇನ್ನೊಂದು ಸಂಗತಿ ನಮ್ಮ ಸಂಘಟನೆಯ ಕಾಳಜಿಗೆ ನೇರವಾಗಿ ಸಂಬಂಧಿಸಿದ್ದು. ಗಲಾಪಗೋಸ್‌ನಲ್ಲಿ ಸ್ಕೇಟ್‌ಗಳು ಮೊಟ್ಟೆಯಿಟ್ಟಂಥ ಬಿಸಿನೀರಿನ ಚಿಮಣಿಗಳ ಸುತ್ತ ತಾಮ್ರ, ಸತು, ಚಿನ್ನ, ಬೆಳ್ಳಿಗಳನ್ನೊಳಗೊಂಡ ಸಲ್ಫೈಡ್ ಅದಿರು ಶೇಖರವಾಗುತ್ತದೆ. ಹಿಂದೂ ಮಹಾಸಾಗರದ ಇಂಥ ಪ್ರದೇಶಗಳಲ್ಲಿ ಅದಿರಿನ ಅನ್ವೇಷಣೆಗಾಗಿ ಭಾರತವು ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದೊಡನೆ 2016ರಲ್ಲಿ 10,000 ಚದರ ಕಿಲೋಮೀಟರಿಗೆ ಒಪ್ಪಂದ ಮಾಡಿಕೊಂಡಿತು. 2025ರಲ್ಲಿ ಕಾರ್ಲ್ಸ್‌ಬರ್ಗ್ ಏಣಿಗೂ ಇಂಥ ಒಪ್ಪಂದವಾಯಿತು. ಇವು ಅನ್ವೇಷಣೆಯ ಒಪ್ಪಂದಗಳೇ ಹೊರತು ಗಣಿಗಾರಿಕೆಯವಲ್ಲ. ಆದುದರಿಂದ ಪ್ರಶ್ನೆ ಕೇಳಲು ಇದೇ ಸೂಕ್ತ ಕಾಲ. ಕುದುರೆಮುಖದಲ್ಲಿ ಗಣಿ ಮೊದಲು ಬಂದಿತು, ಕಾಡಿನ ಬೆಲೆಯ ಲೆಕ್ಕ ಆಮೇಲೆ ಬಂದಿತು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಲ್ಲುವವರೆಗೆ ಭದ್ರೆಯಲ್ಲಿ ಹರಿದ ಕೆಸರನ್ನು ಇಲ್ಲಿರುವ ಹಿರಿಯರು ಕಂಡಿದ್ದಾರೆ. ಕಡಲಾಳದಲ್ಲಿ ಅಗೆದರೂ ಕೆಸರು ಏಳುತ್ತದೆ. ಮೊಟ್ಟೆಚೀಲದ ಕೊಂಬಿನಲ್ಲಿರುವ ಸೀಳುಗಳನ್ನು ನೆನಪಿಡಿ ಎಂದಿದ್ದೆ. ಭ್ರೂಣ ಉಸಿರಾಡುವುದು ಆ ಕೂದಲೆಳೆಯಂಥ ಸಂದಿಗಳ ಮೂಲಕ. ಅವುಗಳ ಮೇಲೆ ಕೆಸರು ಕುಳಿತರೆ, ಎದ್ದು ದೂರ ಹೋಗಲು ಮೊಟ್ಟೆಗೆ ಕಾಲಿಲ್ಲ, ರೆಕ್ಕೆಯಿಲ್ಲ. ಅಗೆಯುವ ಮಾತು ಬರುವ ಮುನ್ನವೇ ಅಲ್ಲಿ ಯಾರ ಮೊಟ್ಟೆಗಳಿವೆ, ಅವು ಎಷ್ಟು ವರ್ಷಗಳಿಗೆ ಮರಿಯಾಗುತ್ತವೆ ಎಂಬ ಸಮೀಕ್ಷೆ ನಡೆದು ಜನರ ಮುಂದೆ ಬರಬೇಕು.

ವಿದ್ಯಾರ್ಥಿಗಳು ಏನು ಮಾಡಬಹುದು?

ಬ್ರಿಟನ್ನಿನಲ್ಲಿ ಶಾರ್ಕ್ ಟ್ರಸ್ಟ್ ಎಂಬ ಸಂಸ್ಥೆ 2003ರಲ್ಲಿ ಮೊಟ್ಟೆಚೀಲ ಹುಡುಕುವ ಅಭಿಯಾನವನ್ನು ಆರಂಭಿಸಿತು. ಶಾಲಾ ಮಕ್ಕಳು, ಗೃಹಿಣಿಯರು, ನಿವೃತ್ತರು ದಡದಲ್ಲಿ ಸಿಕ್ಕ ಚೀಲಗಳನ್ನು ನೆನೆಸಿ, ಅಳೆದು, ಗುರುತಿಸಿ ಲಕ್ಷಗಟ್ಟಲೆ ದಾಖಲೆಗಳನ್ನು ಕೂಡಿಸಿದ್ದಾರೆ. ಇದಕ್ಕೆ ಬೇಕಾದುದು ಒಂದು ಅಳತೆಪಟ್ಟಿ, ಒಂದು ಬೋಗುಣಿ ನೀರು, ಒಂದು ನೋಟುಪುಸ್ತಕ.

ನೀವು ಶಾಲಾ ಪ್ರವಾಸದಲ್ಲಿ ಮಲ್ಪೆಗೋ ಕಾರವಾರಕ್ಕೋ ಹೋದಾಗ ಅಲೆ ಎಸೆದ ಕಸದ ಸಾಲನ್ನು ನೋಡಿ. ನಮ್ಮ ದಡದಲ್ಲಿ ಆಳಸಮುದ್ರದ ಸ್ಕೇಟಿನ ಚೀಲ ಸಿಗುವುದು ಅಪರೂಪ. ಕೊಂಬಿಲ್ಲದ, ದುಂಡಂಚಿನ ಚೀಲ ಸಿಕ್ಕರೆ ಅದು ಇಲ್ಲಿಯ ಆಳವಿಲ್ಲದ ನೀರಿನ ಬಿದಿರು ಶಾರ್ಕಿನದಾಗಿರಬಹುದು. ನಾಲ್ಕು ಕೊಂಬಿನದು ಸಿಕ್ಕರೆ ವಿಶೇಷವೆಂದು ತಿಳಿದು ಅಳತೆ, ಸ್ಥಳ, ದಿನಾಂಕಗಳನ್ನು ಬರೆದು, ಚಿತ್ರ ತೆಗೆದು ಸಮುದ್ರ ಮೀನುಗಾರಿಕಾ ಸಂಶೋಧಕರಿಗೆ ತಲುಪಿಸಿ. ಚೀಲ ಭಾರವಾಗಿದ್ದು ಬಾಯಿ ಮುಚ್ಚಿದ್ದರೆ ಒಳಗೆ ಜೀವವಿರಬಹುದು. ಅದನ್ನು ಮನೆಗೆ ತರದೆ ನೀರಿಗೇ ಬಿಡಿ.

ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳೆಂದು ಕೆಲವು ಮಡುಗಳನ್ನು ನಮ್ಮ ಹಿರಿಯರು ಬಲೆಯಿಂದ ದೂರವಿಟ್ಟರು. ಅವರು ಇಡೀ ನದಿಯನ್ನು ಕಾಯಲಿಲ್ಲ; ಕಾಯಲೇಬೇಕಾದ ಸ್ಥಳ ಯಾವುದೆಂದು ತಿಳಿದು ಅದನ್ನು ಕಾಯ್ದರು. ಕಡಲಾಳದಲ್ಲಿ ಅಂಥ ಸ್ಥಳ ಯಾವುದೆಂದು ಹೇಳಬಲ್ಲ ಗುರುತು ಅಂಗೈಯಗಲದ ಈ ಚರ್ಮದ ಚೀಲ. ಅದನ್ನು ಓದಬಲ್ಲವರ ಸಂಖ್ಯೆ ಹೆಚ್ಚಲಿ, ಅವರಲ್ಲಿ ಕೆಲವರಾದರೂ ಈ ಮಲೆನಾಡಿನ ಶಾಲೆಗಳಿಂದ ಬರಲಿ ಎಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.